ಟೀಚರಿಗೊಂದು ಪ್ರಶ್ನೆ: ‘ಟು’ ಎಲ್ಲಿ ಬೇಕು, ಎಲ್ಲಿ ಬೇಡ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇಂಗ್ಲಿಷ್ ಕ್ರಿಯಾಪದಗಳ ಪಕ್ಕ ಕೂರುವ ಪುಟ್ಟ ಪದಗಳ ಬಗ್ಗೆಯೇ ಇವೆ. ಟು, ಆನ್, ಇನ್, ಅಪ್, ವಿತ್. ಮಳೆಗಾಲ, ಕರೆಂಟಿಲ್ಲ, ಟಿವಿ ಇಲ್ಲ, ಜನಕ್ಕೆ ಯೋಚಿಸಲು ಪುರುಸೊತ್ತು ಸಿಕ್ಕಿದೆ ಅಂತ ಕಾಣುತ್ತದೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದಾರೆ. ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮದು ಸಣ್ಣ ಹೋಂಸ್ಟೇ. ಬುಕ್ ಮಾಡಿದವರಿಗೆಲ್ಲ ವಾಟ್ಸಾಪಿನಲ್ಲಿ ಒಂದೇ ಮೆಸೇಜ್ ಕಳಿಸುತ್ತೇನೆ: ‘ಪ್ಲೀಸ್ ಇನ್ಫಾರ್ಮ್ ಟು ಅಸ್ ಬಿಫೋರ್ ಯು ರೀಚ್ ಟು ಮಡಿಕೇರಿ. ವಿ ವಿಲ್ ಡಿಸ್ಕಸ್ ಅಬೌಟ್ ದಿ ಫುಡ್.’ ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬಂದವಳು ಎರಡು ‘ಟು’, ಒಂದು ‘ಅಬೌಟ್’ ಹೊಡೆದುಹಾಕಿದಳು. ‘ಕಮ್ ಟು ಮಡಿಕೇರಿ’ ಸರಿಯಂತೆ, ‘ರೀಚ್ ಟು ಮಡಿಕೇರಿ’ ತಪ್ಪಂತೆ. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ. ನೀವಾದರೂ ಹೇಳಿ ಟೀಚರ್.
(ಕಕ್ಕಬ್ಬೆ)

ಉತ್ತರ: ಮಗಳು ಹೊಡೆದುಹಾಕಿದ್ದು ಸರಿ. ಆದರೆ ಆ ‘ಟು’ವನ್ನು ನೀವು ಎಲ್ಲಿಂದ ತಂದಿರಿ ಅಂತ ನನಗೆ ಗೊತ್ತು. ನಮ್ಮ ‘ಗೆ’ಯಿಂದ. ಮಡಿಕೇರಿಗೆ ಬಂದೆ, ಮಡಿಕೇರಿಗೆ ಹೋದೆ, ಮಡಿಕೇರಿಗೆ ತಲುಪಿದೆ. ನಮಗೆ ಹೇಳಿ, ನಮಗೆ ತಿಳಿಸಿ, ನಮಗೆ ಫೋನ್ ಮಾಡಿ. ಎಲ್ಲದಕ್ಕೂ ಒಂದೇ ‘ಗೆ’ ಸಾಕು. ಇಂಗ್ಲಿಷಿನಲ್ಲಿ ಹಾಗಿಲ್ಲ. ಯಾರ ಪಕ್ಕ ಯಾರು ಅನ್ನುವುದನ್ನು ಪ್ರತಿ ಕ್ರಿಯಾಪದವೂ ತಾನೇ ತೀರ್ಮಾನ ಮಾಡಿಕೊಂಡಿದೆ.

ಕಮ್, ಗೋ, ರಿಟರ್ನ್ ಇವಕ್ಕೆ ‘ಟು’ ಬೇಕು. ರೀಚ್‌ಗೆ ಬೇಡ, ಅದು ಊರನ್ನು ನೇರವಾಗಿ ಹಿಡಿಯುತ್ತದೆ. ಪೇಪರಿನವರು ‘ಮೆರವಣಿಗೆ ಮಡಿಕೇರಿಯನ್ನು ತಲುಪಿತು’ ಅಂತ ಬರೆಯುತ್ತಾರಲ್ಲ? ರೀಚ್ ಅಂದಾಗ ಆ ‘ಅನ್ನು’ವನ್ನು ನೆನಪಿಸಿಕೊಳ್ಳಿ. ಅರೈವ್ ಅಂದರೂ ತಲುಪುವುದೇ. ಅದಕ್ಕೆ ‘ಟು’ ಆಗುವುದಿಲ್ಲ, ‘ಇನ್’ ಅಥವಾ ‘ಆಟ್’ ಬೇಕು. ಊರು, ದೇಶ ಆದರೆ ‘ಅರೈವ್ ಇನ್ ಮೈಸೂರು’. ಕಟ್ಟಡ, ಬಸ್ ಸ್ಟ್ಯಾಂಡ್ ಆದರೆ ‘ಅರೈವ್ ಆಟ್ ದಿ ಹೋಂಸ್ಟೇ’. ಪುಸ್ತಕಗಳಲ್ಲಿ ರೈಲ್ವೆ ಸ್ಟೇಷನ್ ಉದಾಹರಣೆ ಕೊಡುತ್ತಾರೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲದ್ದರಿಂದ ನಾನು ಬಸ್ ಸ್ಟ್ಯಾಂಡಿನಲ್ಲೇ ನಿಲ್ಲುತ್ತೇನೆ. ಇನ್ನು ಮನೆ ಅನ್ನುವ ಅರ್ಥದ ‘ಹೋಮ್’ಗೆ ಇವು ಯಾವುವೂ ಬೇಡ: ಗೋ ಹೋಮ್, ಕಮ್ ಹೋಮ್, ರೀಚ್ ಹೋಮ್.

ಹೇಳುವ ಕ್ರಿಯಾಪದಗಳದ್ದು ಇನ್ನೂ ತಮಾಷೆ. ಟೆಲ್ ಅಸ್, ಆಸ್ಕ್ ಅಸ್, ಇನ್ಫಾರ್ಮ್ ಅಸ್, ಕಾಲ್ ಅಸ್, ಕಾಂಟ್ಯಾಕ್ಟ್ ಅಸ್. ಇಲ್ಲಿ ‘ಟು’ ಬಂದರೆ ತಪ್ಪು. ಸೇ ಟು ಅಸ್, ಎಕ್ಸ್‌ಪ್ಲೇನ್ ಟು ಅಸ್, ಸಜೆಸ್ಟ್ ಟು ಅಸ್, ಕಂಪ್ಲೇನ್ ಟು ಅಸ್. ಇಲ್ಲಿ ‘ಟು’ ಬರದಿದ್ದರೆ ತಪ್ಪು. ಟೆಲ್ ಮತ್ತು ಸೇ ಎರಡರ ಅರ್ಥವೂ ಹೆಚ್ಚುಕಡಿಮೆ ‘ಹೇಳು’. ಆದರೂ ಒಂದಕ್ಕೆ ಬೇಕು, ಇನ್ನೊಂದಕ್ಕೆ ಬೇಡ. ಅಂದಮೇಲೆ ಅರ್ಥ ನೋಡಿ ಊಹಿಸಲು ಹೋದರೆ ದಾರಿ ತಪ್ಪುತ್ತದೆ. ನಮ್ಮ ಹುಡುಗರು ‘ಇನ್ಫಾರ್ಮ್ ಟು ಮಿ’ ಅಂತ ಬೇಡದಲ್ಲಿ ‘ಟು’ ಹಾಕಿ, ‘ಎಕ್ಸ್‌ಪ್ಲೇನ್ ಮಿ’ ಅಂತ ಬೇಕಾದಲ್ಲಿ ತೆಗೆಯುತ್ತಾರೆ. ಒಟ್ಟು ಲೆಕ್ಕ ಮಾತ್ರ ಸರಿಹೋಗುತ್ತದೆ.

‘ಡಿಸ್ಕಸ್ ಅಬೌಟ್’ಗೆ ಒಂದು ಕಾರಣ ಕೊಡಬಹುದು. ‘ಮಕ್ಕಳನ್ನು ಪ್ರೀತಿಸು’ ಅನ್ನುತ್ತೇವೆ. ಅದೇ ಮಾತನ್ನು ನಾಮಪದ ಮಾಡಿದರೆ ‘ಮಕ್ಕಳನ್ನು ಪ್ರೀತಿ’ ಆಗುವುದಿಲ್ಲ, ‘ಮಕ್ಕಳ ಮೇಲಿನ ಪ್ರೀತಿ’ ಆಗಬೇಕು. ಕ್ರಿಯಾಪದ ಹೋದ ತಕ್ಷಣ ‘ಅನ್ನು’ ಉದುರಿತು, ‘ಮೇಲಿನ’ ಬಂತು. ಇಂಗ್ಲಿಷಿನಲ್ಲೂ ಇದೇ ನಡೆಯುವುದು. ಕ್ರಿಯಾಪದ ತನ್ನ ಕರ್ಮವನ್ನು ನೇರವಾಗಿ ಹಿಡಿಯಬಲ್ಲದು, ನಾಮಪದಕ್ಕೆ ಆ ಶಕ್ತಿ ಇಲ್ಲ, ನಡುವೆ ಒಬ್ಬ ಸಹಾಯಕ ಬೇಕು. ಲವ್ ಚಿಲ್ಡ್ರನ್, ಆದರೆ ಲವ್ ಫಾರ್ ಚಿಲ್ಡ್ರನ್. ಡಿಸ್ಕಸ್ ದಿ ಫುಡ್, ಆದರೆ ಎ ಡಿಸ್ಕಷನ್ ಅಬೌಟ್ ದಿ ಫುಡ್. ಆರ್ಡರ್ ಟೂ ಕಾಫೀಸ್, ಆದರೆ ಆ್ಯನ್ ಆರ್ಡರ್ ಫಾರ್ ಟೂ ಕಾಫೀಸ್. ಎಂಫಸೈಸ್, ಲ್ಯಾಕ್, ಆನ್ಸರ್, ರಿಕ್ವೆಸ್ಟ್ ಎಲ್ಲ ಇದೇ ಜಾತಿ. ನಾಮಪದದ ಬಾಲವನ್ನು ತಂದು ಕ್ರಿಯಾಪದಕ್ಕೆ ಅಂಟಿಸುವುದರಿಂದ ಈ ತಪ್ಪುಗಳಲ್ಲಿ ಅರ್ಧಕ್ಕರ್ಧ ಆಗುತ್ತವೆ.

ನಿಮ್ಮ ಮೆಸೇಜು ಈಗ ಹೀಗಿರಲಿ: ‘ಪ್ಲೀಸ್ ಇನ್ಫಾರ್ಮ್ ಅಸ್ ಬಿಫೋರ್ ಯು ರೀಚ್ ಮಡಿಕೇರಿ.’ ಎರಡನೇ ವಾಕ್ಯ ವ್ಯಾಕರಣಕ್ಕೆ ಸರಿಯಾದರೂ ನನಗೆ ಇಷ್ಟವಾಗಲಿಲ್ಲ. ಡಿಸ್ಕಸ್ ಅಂದರೆ ಪಂಚಾಯ್ತಿ ಮೀಟಿಂಗ್ ಥರ ಕೇಳುತ್ತದೆ. ಪಂದಿ ಕರಿ, ಕಡಂಬುಟ್ಟಿನ ಬಗ್ಗೆ ಚರ್ಚೆ ಮಾಡುವುದೇನಿದೆ? ‘ಲೆಟ್ ಅಸ್ ನೋ ವಾಟ್ ಯು ವುಡ್ ಲೈಕ್ ಟು ಈಟ್’ ಅಂತ ಕೇಳಿಬಿಡಿ.

ಪ್ರಶ್ನೆ: ನಾನು ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಲೆಕ್ಕಪತ್ರ ಬರೆಯುವ ಕೆಲಸ. ಮಾಲೀಕರಿಗೆ ದಿನವೂ ಇಂಗ್ಲಿಷಿನಲ್ಲಿ ರಿಪೋರ್ಟ್ ಕಳಿಸಬೇಕು. ‘ದಿ ಪಾರ್ಚ್‌ಮೆಂಟ್ ಈಸ್ ಸ್ಮೆಲ್ಲಿಂಗ್ ಬ್ಯಾಡ್ಲಿ’ ಅಂತ ಬರೆದೆ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜ). ‘ಸ್ಮೆಲ್ಸ್ ಬ್ಯಾಡ್’ ಅಂತ ತಿದ್ದಿ ವಾಪಸ್ ಕಳಿಸಿದರು. ಇನ್ನೊಂದು ದಿನ, ಚೆನ್ನಾಗಿ ಗಟ್ಟಿಯಾಗಿ ಒಣಗಿದೆ ಅನ್ನಲು ‘ಡ್ರೈಡ್ ಹಾರ್ಡ್ಲಿ’ ಅಂದೆ. ‘ಹಾಗಾದರೆ ಇನ್ನೂ ಒಣಗಿಸಿ’ ಅಂದರು! ಕ್ರಿಯಾಪದದ ಜೊತೆ ‘ಲಿ’ ಇರುವ ಪದ ಬರಬೇಕು ಅಂತ ಶಾಲೆಯಲ್ಲಿ ಕಲಿಸಿದ್ದು ಸುಳ್ಳಾ?
(ಸಿದ್ದಾಪುರ)

ಉತ್ತರ: ಸುಳ್ಳಲ್ಲ, ಪೂರ್ತಿ ಹೇಳಿಲ್ಲ ಅಷ್ಟೇ. ಮೊದಲು ‘ಹಾರ್ಡ್ಲಿ’ ವಿಷಯ ಮುಗಿಸೋಣ, ಅದು ದುಡ್ಡಿನ ವಿಷಯ. ಹಾರ್ಡ್ಲಿ ಅಂದರೆ ‘ಹೆಚ್ಚುಕಡಿಮೆ ಇಲ್ಲವೇ ಇಲ್ಲ’ ಅಂತ. ತೇವಾಂಶ ಶೇ. 10-11ಕ್ಕೆ ಇಳಿಯಲಿ ಅಂತ ನೀವು ಕಣದಲ್ಲಿ ದಿನಗಟ್ಟಲೆ ಕೈಯಾಡಿಸಿ ಒಣಗಿಸಿದ್ದೀರಿ. ರಿಪೋರ್ಟ್ ಓದಿದವರಿಗೆ ಅದು ‘ಒಣಗಿಯೇ ಇಲ್ಲ’ ಅಂತ ಕೇಳಿಸಿತು. ಪಾಪ, ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹಾರ್ಡ್ ಅನ್ನುವುದು ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು, ಅದಕ್ಕೆ ‘ಲಿ’ ಬೇಡ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಹುಡುಗರು ಚೆಂಡನ್ನು ‘ಹಿಟ್ ಹಾರ್ಡ್’ ಮಾಡುತ್ತಾರೆ. ‘ಹಾರ್ಡ್ಲಿ ಹಿಟ್’ ಮಾಡಿದರೆ ಟೀಮಿನಿಂದ ಹೊರಗೆ. ಲೇಟ್ ಮತ್ತು ಲೇಟ್ಲಿ, ನಿಯರ್ ಮತ್ತು ನಿಯರ್ಲಿ ಕೂಡ ಹೀಗೇ ಬೇರೆ ಬೇರೆ. ನೀವು ‘ದಿ ಪಾರ್ಚ್‌ಮೆಂಟ್ ಹ್ಯಾಸ್ ಡ್ರೈಡ್ ವೆಲ್’ ಅಂದಿದ್ದರೆ ಸಾಕಿತ್ತು.

ಇನ್ನು ‘ಸ್ಮೆಲ್ಸ್ ಬ್ಯಾಡ್’. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟಿರುವುದು ಯಾವುದು, ಕಾಫಿಯಾ, ಮೂಸುವ ಕೆಲಸವಾ? ಪಲ್ಪ್ ಮಾಡಿದ ಬೀಜ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಉಳಿದು ಹುಳಿ ವಾಸನೆ ಬಂದರೆ ಕೆಟ್ಟಿರುವುದು ಕಾಫಿ. ಕಾಫಿ ನಾಮಪದ, ಅದನ್ನು ವರ್ಣಿಸುವುದು ಗುಣವಾಚಕ. ಆದ್ದರಿಂದ ‘ಸ್ಮೆಲ್ಸ್ ಬ್ಯಾಡ್’, ‘ಸ್ಮೆಲ್ಸ್ ಸೌರ್’. ಶೀತವಾಗಿ ಮೂಗು ಕಟ್ಟಿದ ಮೇಸ್ತ್ರಿ ಸರಿಯಾಗಿ ಮೂಸಲಾರದಿದ್ದರೆ, ಬೇಕಾದರೆ ಅವರನ್ನು ‘ಸ್ಮೆಲ್ಸ್ ಬ್ಯಾಡ್ಲಿ’ ಅನ್ನಿ. ಲುಕ್, ಟೇಸ್ಟ್, ಫೀಲ್, ಸೌಂಡ್ ಎಲ್ಲಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ಟೇಸ್ಟ್ಸ್ ಬಿಟರ್, ಲುಕ್ಸ್ ಹೆಲ್ತಿ, ಫೀಲ್ಸ್ ಡ್ಯಾಂಪ್. ಅಂದಹಾಗೆ ನಿಮ್ಮ ಮಾಲೀಕರು ‘ಈಸ್ ಸ್ಮೆಲ್ಲಿಂಗ್’ ತೆಗೆದು ‘ಸ್ಮೆಲ್ಸ್’ ಮಾಡಿದ್ದಾರೆ, ಗಮನಿಸಿದಿರಾ? ವಾಸನೆ ಇರುವ ಸ್ಥಿತಿಯನ್ನು ಹೇಳುವಾಗ ‘ಇಂಗ್’ ಬೇಡ.

ಎಸ್ಟೇಟಿನಲ್ಲಿ ಇರುವವರಿಗೆ ಇದಕ್ಕಿಂತ ಉಪಯೋಗದ ಇನ್ನೊಂದು ಗುಂಪಿದೆ. ನಾವು ‘ಆಗು’ ಅನ್ನುವ ಒಂದೇ ಪದದಲ್ಲಿ ಮುಗಿಸುವುದನ್ನು ಇಂಗ್ಲಿಷಿನಲ್ಲಿ ಹತ್ತಾರು ಕ್ರಿಯಾಪದಗಳು ಹಂಚಿಕೊಂಡಿವೆ. ಹಣ್ಣು ಕೆಂಪಾದರೆ ‘ಟರ್ನ್ ರೆಡ್’. ಮೆಣಸಿನ ಬಳ್ಳಿಯ ಎಲೆ ಹಳದಿಯಾದರೆ ‘ಟರ್ನ್ ಯೆಲ್ಲೊ’. ಹಾಲು ಹುಳಿಯಾದರೆ ‘ಗೋ ಸೌರ್’. ಒದ್ದೆಯಾದರೆ ‘ಗೆಟ್ ವೆಟ್’. ಬಾವಿ ಬತ್ತಿದರೆ ‘ರನ್ ಡ್ರೈ’. ಕಾಯಿಲೆ ಬಿದ್ದರೆ ‘ಫಾಲ್ ಇಲ್’, ಇಲ್ಲಿ ಮಾತ್ರ ಅವರೂ ನಮ್ಮ ಹಾಗೇ ಬೀಳುತ್ತಾರೆ. ಬಣ್ಣಕ್ಕೆ ಟರ್ನ್ ಅಥವಾ ಗೋ. ಕೆಡುವುದಕ್ಕೆ ಹೆಚ್ಚಾಗಿ ಗೋ: ಗೋ ಬ್ಯಾಡ್, ಗೋ ರಾಂಗ್, ಗೋ ಬ್ಲೈಂಡ್, ಗೋ ಬ್ಯಾಂಕ್ರಪ್ಟ್. ಕನಸು ನನಸಾದರೆ ‘ಕಮ್ ಟ್ರೂ’. ಕೆಟ್ಟದ್ದು ಹೋಗುತ್ತದೆ, ಒಳ್ಳೆಯದು ಬರುತ್ತದೆ ಅಂತ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಪೂರ್ತಿ ನಿಜವಲ್ಲ, ಬೋಲ್ಟು ಸಡಿಲವಾದರೂ ‘ಕಮ್ ಲೂಸ್’ ಅನ್ನುತ್ತಾರೆ. ಆದರೆ ಪರೀಕ್ಷೆ ದಾಟಲು ಅಷ್ಟು ಸಾಕಾಗುತ್ತಿತ್ತು.

ಕೊನೆಗೊಂದು, ನಿಮಗೆ ಖಂಡಿತ ಬೇಕಾಗುವುದು. ‘ಸ್ವೀಪ್ ದಿ ಯಾರ್ಡ್ ಕ್ಲೀನ್.’ ಕಣ ಗುಡಿಸಿ ಚೊಕ್ಕ ಮಾಡು ಅಂತ. ನಾವು ಗುಡಿಸು, ಮಾಡು ಅಂತ ಎರಡು ಕ್ರಿಯಾಪದ ಹಾಕುತ್ತೇವೆ. ಅವರು ಒಂದೇ ಕ್ರಿಯಾಪದ ಹಾಕಿ, ಕೆಲಸ ಮುಗಿದ ಮೇಲೆ ವಸ್ತು ಹೇಗಿರಬೇಕೋ ಆ ಗುಣವಾಚಕವನ್ನು ಕೊನೆಗೆ ಇಡುತ್ತಾರೆ. ‘ಪೇಂಟ್ ದಿ ಗೇಟ್ ಗ್ರೀನ್’, ‘ಪಿಕ್ ದಿ ಪ್ಲಾಂಟ್ಸ್ ಕ್ಲೀನ್’, ‘ಪುಶ್ ದಿ ಡೋರ್ ಓಪನ್’. ಇಲ್ಲಿ ‘ಗ್ರೀನ್ಲಿ’ ಅಂತ ಯಾರೂ ಬರೆಯುವುದಿಲ್ಲ, ಅಲ್ವಾ? ಹಸಿರಾಗುವುದು ಗೇಟು. ‘ಸ್ಮೆಲ್ಸ್ ಬ್ಯಾಡ್’ ಅನ್ನುವುದೂ ಅದೇ ಲೆಕ್ಕ.

ಪ್ರಶ್ನೆ: ಮೊಮ್ಮಗ ಅಮೆರಿಕದಿಂದ ಬಂದಿದ್ದಾನೆ. ಈಟ್ ಅಪ್, ಡ್ರಿಂಕ್ ಅಪ್, ವಾಷ್ ಅಪ್, ಎಲ್ಲದಕ್ಕೂ ಒಂದು ‘ಅಪ್’. ಮೇಲಕ್ಕೆ ಏನು ಹೋಗುತ್ತದೆ ಅಂತ ಕೇಳಿದರೆ ನಗುತ್ತಾನೆ. ಟಿವಿಗೆ ‘ಟರ್ನ್ ಇಟ್ ಆಫ್’ ಅನ್ನುತ್ತಾನೆ, ನಾನು ‘ಟರ್ನ್ ಆಫ್ ಇಟ್’ ಅಂದರೆ ತಪ್ಪಂತೆ. ಆದರೆ ನಾಯಿಮರಿಗೆ ‘ಲುಕ್ ಆಫ್ಟರ್ ಇಟ್’ ಅನ್ನುತ್ತಾನೆ, ಅದು ಸರಿಯಂತೆ. ಏನು ನ್ಯಾಯ ಇದು?
(ಸೋಮವಾರಪೇಟೆ)

ಉತ್ತರ: ಅಜ್ಜಿ ಅನ್ನೋಣ ಅಂದರೆ ನನಗೂ ಮೊಮ್ಮಕ್ಕಳಿದ್ದಾರೆ, ಅಕ್ಕ ಅನ್ನುತ್ತೇನೆ. ಅಕ್ಕ, ನೀವು ಮೊಮ್ಮಗನಿಗೆ ಅನ್ನ ಕಲಸಿ ಕೊಟ್ಟು ಏನನ್ನುತ್ತೀರಿ? ‘ತಿಂದುಬಿಡು’ ಅಂತ. ಏನನ್ನು ಬಿಡಬೇಕು? ಏನನ್ನೂ ಬಿಡದೆ ತಿನ್ನು ಅಂತ ಅಲ್ವಾ ಅದರ ಅರ್ಥ! ಇಂಗ್ಲಿಷಿನ ‘ಅಪ್’ ಇಲ್ಲಿ ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಮಾಡುತ್ತದೆ. ಪೂರ್ತಿ ಮಾಡು, ಮುಗಿಸು ಅಂತ. ಈಟ್ ಅಪ್ ತಿಂದುಬಿಡು. ಟೇರ್ ಅಪ್ ಹರಿದುಹಾಕು. ಡ್ರೈ ಅಪ್ ಒಣಗಿಹೋಗು. ಬಿಡು, ಹಾಕು, ಹೋಗು ಅಂತ ನಾವು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಕಟ್ಟುತ್ತೇವೆ. ಅವರು ಅಪ್, ಆಫ್, ಔಟ್, ಅವೇ ಕಟ್ಟುತ್ತಾರೆ.

2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಇವೇ ಜೋಡಿಗಳು ಬೇಕು. ರಸ್ತೆ ಕುಸಿದುಬಿತ್ತು, ‘ಕೇವ್ಡ್ ಇನ್’. ಮನೆ ಕೊಚ್ಚಿಹೋಯಿತು, ‘ವಾಷ್ಡ್ ಅವೇ’. ಊರಿನ ಸಂಪರ್ಕ ಕಡಿದುಹೋಯಿತು, ‘ಕಟ್ ಆಫ್’. ಇವುಗಳಲ್ಲಿ ದಿಕ್ಕು ಇನ್ನೂ ಕಾಣುತ್ತದೆ: ಒಳಕ್ಕೆ, ದೂರಕ್ಕೆ, ಬೇರೆಯಾಗಿ. ‘ಈಟ್ ಅಪ್’ನಲ್ಲಿ ದಿಕ್ಕು ಅಳಿಸಿಹೋಗಿದೆ. ನಮ್ಮ ‘ತಿಂದುಬಿಡು’ವಿನಲ್ಲಿ ಬಿಡುವುದು ಅಳಿಸಿಹೋದ ಹಾಗೆ.

‘ವಾಷ್ ಅಪ್’ ಬಗ್ಗೆ ಹುಷಾರು. ಅಮೆರಿಕದಲ್ಲಿ ಅದು ಕೈಮುಖ ತೊಳೆಯುವುದು, ಬ್ರಿಟನ್ನಿನಲ್ಲಿ ಪಾತ್ರೆ ತೊಳೆಯುವುದು. ಮೊಮ್ಮಗ ‘ಐ ವಿಲ್ ವಾಷ್ ಅಪ್’ ಅಂದರೆ ಪಾತ್ರೆ ಅವನಿಗೆ ಬಿಟ್ಟು ಕೂರಬೇಡಿ.

‘ಟರ್ನ್ ಇಟ್ ಆಫ್’ಗೆ ಬರೋಣ. ಇಲ್ಲಿ ‘ಆಫ್’ ಕಟ್ಟಿಕೊಂಡಿರುವುದು ‘ಟರ್ನ್’ ಅನ್ನು. ಹೆಸರು ಹೇಳಿದರೆ ಟಿವಿಯನ್ನು ಎಲ್ಲಿ ಬೇಕಾದರೂ ಇಡಿ: ‘ಟರ್ನ್ ಆಫ್ ದಿ ಟಿವಿ’, ‘ಟರ್ನ್ ದಿ ಟಿವಿ ಆಫ್’. ಆದರೆ ಇಟ್, ಹಿಮ್, ದೆಮ್ ಬಂದರೆ ನಡುವೆಯೇ ಕೂರಿಸಬೇಕು. ಪಿಕ್ ಇಟ್ ಅಪ್, ಥ್ರೋ ದೆಮ್ ಅವೇ, ಸ್ವಿಚ್ ಇಟ್ ಆನ್. ‘ಲುಕ್ ಆಫ್ಟರ್ ಇಟ್’ನಲ್ಲಿ ‘ಆಫ್ಟರ್’ ಹಿಡಿದಿರುವುದು ನಾಯಿಮರಿಯ ಕೈಯನ್ನು, ಬೇರೆ ಮಾಡಲು ಆಗುವುದಿಲ್ಲ. ಯಾವುದು ಯಾವ ಬಗೆ ಅಂತ ತಿಳಿಯಲು ಮೊಮ್ಮಗ ಆಡುವಾಗ ಕಿವಿಗೊಡಿ. ‘ಟರ್ನ್ ಇಟ್ ಆಫ್’ ಅನ್ನುವಾಗ ‘ಆಫ್’ ಮೇಲೆ ಒತ್ತು ಬೀಳುತ್ತದೆ. ‘ಲುಕ್ ಆಫ್ಟರ್ ಇಟ್’ನಲ್ಲಿ ‘ಲುಕ್’ ಮೇಲೆ. ಪುಸ್ತಕಕ್ಕಿಂತ ಇದು ಬೇಗ ಬರುತ್ತದೆ.

ಪ್ರಶ್ನೆ: ಮಗ ಕೆನಡಾದ ಕಂಪನಿಯೊಂದರ ಆನ್‌ಲೈನ್ ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2021’ ಅಂದನಂತೆ. ಅವರು ‘ಈಗ ಆರೋಗ್ಯ ಹೇಗಿದೆ?’ ಅಂತ ಕೇಳಿದರಂತೆ. ಯಾಕೆ?
(ಗೋಣಿಕೊಪ್ಪ)

ಉತ್ತರ: ‘ಪಾಸ್ ಔಟ್’ ಅಂದರೆ ಅಲ್ಲಿಯವರಿಗೆ ಮೂರ್ಛೆ ಹೋಗುವುದು. 2021ರಲ್ಲಿ ಮೂರ್ಛೆ ಹೋದೆ ಅಂತ ಹುಡುಗ ಹೇಳಿಕೊಂಡರೆ ಒಳ್ಳೆಯ ಮನುಷ್ಯರು ಆರೋಗ್ಯವನ್ನೇ ವಿಚಾರಿಸುತ್ತಾರೆ. ಆದರೆ ಈ ಮಾತು ನಮ್ಮಲ್ಲಿ ಇಷ್ಟು ಸಲೀಸಾಗಿದ್ದಕ್ಕೆ ಒಂದು ಬೆಂಬಲವೂ ಇದೆ. ಸೇನೆಯಲ್ಲಿ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷರೂ ‘ಪಾಸ್ ಔಟ್’ ಅಂತಲೇ ಅನ್ನುತ್ತಾರೆ, ‘ಪಾಸಿಂಗ್ ಔಟ್ ಪರೇಡ್’ ಅಂತ ಕೇಳಿರುತ್ತೀರಿ. ಮಿಲಿಟರಿಯಲ್ಲಿ ಯಾರಾದರೂ ಇಲ್ಲದ ಮನೆಯನ್ನು ಕೊಡಗಿನಲ್ಲಿ ಹುಡುಕಬೇಕು. ಹಾಗಾಗಿ ಈ ಮಾತು ನಮ್ಮ ಕಿವಿಗೆ ಇನ್ನೂ ಹತ್ತಿರ. ಕಾಲೇಜಿಗೆ ಮಾತ್ರ ‘ಐ ಗ್ರಾಜುಯೇಟೆಡ್ ಇನ್ 2021’ ಅನ್ನಲಿ. ಕಾಲೇಜಿನ ಹೆಸರು ಸೇರಿಸಬೇಕಾದರೆ ‘ಫ್ರಮ್’ ಬೇಕು. ‘ಪಾಸ್ಡ್ ಅವೇ’ ಅನ್ನಲಿಲ್ಲವಲ್ಲ, ಪುಣ್ಯ. ಅಂದಿದ್ದರೆ ಸತ್ತವನ ಇಂಟರ್‌ವ್ಯೂ ಆಗುತ್ತಿತ್ತು.

ಪ್ರಶ್ನೆ: ನಾವು ‘ಡಿಸ್ಕಸ್ ಅಬೌಟ್’ ಅಂದರೆ ತಪ್ಪು, ಅಮೆರಿಕದವರು ‘ಡಿಫರೆಂಟ್ ದ್ಯಾನ್’ ಅಂದರೆ ಸ್ಟೈಲಾ? ಇಂಗ್ಲಿಷರು ಕೊಡಗನ್ನು ಹಿಡಿದದ್ದು 1834ರಲ್ಲಿ. ಅಂದಿನಿಂದ ಇಂಗ್ಲಿಷ್ ಕೇಳುತ್ತಿದ್ದೇವೆ. ಇನ್ನೂ ಅದು ನಮ್ಮದಾಗಿಲ್ಲವಾ?
(ಮಡಿಕೇರಿ)

ಉತ್ತರ: ಸಾರ್, ಅರ್ಧ ದಾರಿ ನಿಮ್ಮ ಜೊತೆ ಬರುತ್ತೇನೆ. ಅವರವರಲ್ಲೇ ಒಮ್ಮತ ಇಲ್ಲ ಅನ್ನುವುದು ನಿಜ. ಬ್ರಿಟಿ‍ಷರು ‘ಡಿಫರೆಂಟ್ ಫ್ರಮ್’ ಅನ್ನುತ್ತಾರೆ, ‘ಡಿಫರೆಂಟ್ ಟು’ ಅಂತಲೂ ಅನ್ನುತ್ತಾರೆ. ಅಮೆರಿಕದಲ್ಲಿ ‘ದ್ಯಾನ್’ ನಡೆಯುತ್ತದೆ. ಬ್ರಿಟನ್ನಿನಲ್ಲಿ ‘ರೈಟ್ ಟು ಮಿ’, ಅಮೆರಿಕದಲ್ಲಿ ‘ರೈಟ್ ಮಿ’ ಸಾಕು. ಬ್ರಿಟಿಷರು ತೀರ್ಮಾನದ ವಿರುದ್ಧ ‘ಪ್ರೊಟೆಸ್ಟ್ ಅಗೇನ್ಸ್ಟ್’ ಮಾಡಿದರೆ ಅಮೆರಿಕದವರು ನೇರವಾಗಿ ತೀರ್ಮಾನವನ್ನೇ ‘ಪ್ರೊಟೆಸ್ಟ್’ ಮಾಡುತ್ತಾರೆ. ‘ಡಿಸ್ಕಸ್ ಅಬೌಟ್’ ಕೂಡ ಬರೀ ನಮ್ಮದಲ್ಲ, ನೈಜೀರಿಯಾ, ಸಿಂಗಪುರದಲ್ಲೂ ಕೇಳಿಸುತ್ತದೆ. ಟಾಕ್ ಅಬೌಟ್, ಸ್ಪೀಕ್ ಅಬೌಟ್, ಥಿಂಕ್ ಅಬೌಟ್ ಅಂತೆಲ್ಲ ಇರುವಾಗ ಡಿಸ್ಕಸ್ ಒಂದನ್ನೇ ಯಾಕೆ ಒಂಟಿ ಬಿಡುವುದು ಅಂತ ಎಲ್ಲರಿಗೂ ಅನ್ನಿಸುತ್ತದೆ.

ಕನ್ನಡದಲ್ಲೇ ನೋಡಿ. ಮೈಸೂರಿನವರು ‘ಅವನನ್ನು ಕೇಳು’ ಅನ್ನುತ್ತಾರೆ, ಧಾರವಾಡದ ಕಡೆ ‘ಅವನಿಗೆ ಕೇಳು’. ಯಾರದ್ದು ತಪ್ಪು ಅಂತ ಹೇಳಲು ನಾನು ಯಾರು? ಇವೆಲ್ಲ ರೂಢಿ. ಹಾಗಾಗಿ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಕ್ಲಬ್ಬಿನಲ್ಲಿ ‘ಡಿಸ್ಕಸ್ ಅಬೌಟ್’ ಧಾರಾಳವಾಗಿ ಅನ್ನಿ. ಅರ್ಜಿ, ಪರೀಕ್ಷೆ, ವೀಸಾ ಕಾಗದದಲ್ಲಿ ಬೇಡ. ಅಲ್ಲಿ ಓದುವವರು ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಾರೆ.

ಇನ್ನರ್ಧ ದಾರಿ ಯಾಕೆ ಬರುವುದಿಲ್ಲ ಅಂದರೆ, ಕೆಲವು ಕಡೆ ಪುಟ್ಟ ಪದ ಬದಲಾದರೆ ಅರ್ಥವೇ ಬದಲಾಗುತ್ತದೆ. ತೋಟದ ಆ ತುದಿಯಲ್ಲಿರುವವನಿಗೆ ಕೇಳಿಸಲಿ ಅಂತ ಕೂಗಿದರೆ ‘ಶೌಟ್ ಟು ಹಿಮ್’. ಅವನ ಮೇಲೆ ಕೂಗಾಡಿದರೆ ‘ಶೌಟ್ ಆಟ್ ಹಿಮ್’. ಚೆಂಡನ್ನು ಹಿಡಿಯಲಿ ಅಂತ ಎಸೆದರೆ ‘ಥ್ರೋ ಟು’, ತಗಲಲಿ ಅಂತ ಎಸೆದರೆ ‘ಥ್ರೋ ಆಟ್’. ನಮ್ಮಲ್ಲೂ ‘ಅವನಿಗೆ ಕೂಗಿದೆ’ ಬೇರೆ, ‘ಅವನ ಮೇಲೆ ಕೂಗಾಡಿದೆ’ ಬೇರೆ, ಅಲ್ವಾ? ಇಂಥದ್ದರಲ್ಲಿ ‘ನಮ್ಮ ಇಂಗ್ಲಿಷ್ ನಮ್ಮದು’ ಅಂತ ಹಟ ಹಿಡಿದರೆ ನಷ್ಟ ನಮಗೇ. ಮತ್ತೆ, ‘ರಿವರ್ಟ್’ನಲ್ಲೇ ‘ಬ್ಯಾಕ್’ ಇದ್ದರೂ ‘ರಿವರ್ಟ್ ಬ್ಯಾಕ್’ ಅನ್ನುವವರ ಪರ ಮಾತ್ರ ನಾನು ಯಾವ ಜನ್ಮದಲ್ಲೂ ವಾದಿಸುವುದಿಲ್ಲ.

ಇನ್ನು ಕೆಲವು ಬೇಗ ಬೇಗ.

ಪ್ರಶ್ನೆ: ಟೀಚರ್, ನಾನು ಎಂಟನೇ ಕ್ಲಾಸು. ‘ಗುಡ್ ಇನ್ ಹಾಕಿ’ನಾ, ‘ಗುಡ್ ಆಟ್ ಹಾಕಿ’ನಾ? ‘ಆ್ಯಂಗ್ರಿ ಆನ್ ಮಿ’ ಸರಿನಾ?
(ನಾಪೋಕ್ಲು)

ಉತ್ತರ: ‘ಗುಡ್ ಆಟ್ ಹಾಕಿ’ ಮಗಾ. ಕೈಗೆ ಬಂದ ವಿದ್ಯೆಗೆ ಆಟ್. ಮಕ್ಕಳ ಜೊತೆ, ನಾಯಿಗಳ ಜೊತೆ ಹೊಂದಿಕೊಳ್ಳುವವರು ‘ಗುಡ್ ವಿತ್’. ಆರೋಗ್ಯಕ್ಕೆ ಒಳ್ಳೆಯದು ‘ಗುಡ್ ಫಾರ್’. ಸಿಟ್ಟಿಗೆ ‘ಆನ್’ ಬೇಡ, ಅದು ನಮ್ಮ ‘ಮೇಲೆ’ಯ ತರ್ಜುಮೆ. ಮನುಷ್ಯರ ಮೇಲಿನ ಸಿಟ್ಟಿಗೆ ‘ವಿತ್’ ಅಥವಾ ‘ಆಟ್’, ನಡೆದ ಸಂಗತಿಯ ಸಿಟ್ಟಿಗೆ ‘ಅಬೌಟ್’. ಅಫ್ರೇಡ್ ಆಫ್, ಪ್ರೌಡ್ ಆಫ್, ಇಂಟರೆಸ್ಟೆಡ್ ಇನ್, ಮ್ಯಾರೀಡ್ ಟು. ಕೊನೆಯದು ನಿನಗೆ ಈಗ ಬೇಡ, ನಿನ್ನ ಚಿಕ್ಕಮ್ಮ ಕೇಳಿದ್ದಾರೆ. ಅದಕ್ಕೆ ‘ವಿತ್’ ಬರುವುದಿಲ್ಲ ಅಂತ ಅವರಿಗೆ ಹೇಳು.

ಪ್ರಶ್ನೆ: ‘ಇನ್ ದಿ ಬಸ್’ ಯಾಕೆ ‘ಆನ್ ದಿ ಬಸ್’ ಆಗಬೇಕು? ಬಸ್ಸಿನ ಮೇಲೆ ಕೂರುತ್ತೇವಾ?
(ಮೂರ್ನಾಡು)

ಉತ್ತರ: ಒಳಗೆ ಎದ್ದು ನಿಂತು ಓಡಾಡುವಂಥ ಗಾಡಿಗೆ ಆನ್: ಬಸ್, ರೈಲು, ವಿಮಾನ, ಹಡಗು. ಬಗ್ಗಿ ನುಗ್ಗಿ ಕೂರುವಂಥದ್ದಕ್ಕೆ ಇನ್: ಕಾರು, ಜೀಪು, ಆಟೊ. ಕಾಲು ಆಚೆಈಚೆ ಹಾಕಿ ಕೂರುವ ಬೈಕು, ಕುದುರೆ, ಆನೆಗೂ ಆನ್. ಹತ್ತುವುದು, ಇಳಿಯುವುದೂ ಇದನ್ನೇ ನೋಡಿಕೊಳ್ಳುತ್ತದೆ: ಗೆಟ್ ಆನ್ ದಿ ಬಸ್, ಗೆಟ್ ಆಫ್ ದಿ ಬಸ್. ಜೀಪಾದರೆ ಗೆಟ್ ಇನ್, ಗೆಟ್ ಔಟ್. ಕಂಡಕ್ಟರ್ ‘ಗೆಟ್ ಔಟ್’ ಅಂದರೆ ಅದು ಬೇರೆ ವಿಷಯ.

ಪ್ರಶ್ನೆ: ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಬ್ಯಾಂಕಿನ ಪತ್ರಗಳಲ್ಲಿ ಬರೆಯುತ್ತೇವೆ. ‘ಕೋಪ್ ಅಪ್ ವಿತ್’ ಅಂತಲೂ. ಸರಿ ತಾನೆ?
(ಕುಶಾಲನಗರ)

ಉತ್ತರ: ಎರಡೂ ಅಲ್ಲ. ಮೊದಲನೆಯದು ‘ಟು ಮೀಟಿಂಗ್ ಯು’. ಆ ‘ಟು’ವಿನ ಮುಂದೆ ‘ಯುವರ್ ಲೆಟರ್’ ಅಂತ ಹಾಕಿ ನೋಡಿ, ಸಲೀಸಾಗಿ ಕೂರುತ್ತದೆ. ನಾಮಪದ ಕೂರುವ ಜಾಗ ಅದು, ಕ್ರಿಯಾಪದ ಬಂದರೆ ‘ಇಂಗ್’ ತೊಟ್ಟು ಬರಬೇಕು. ‘ಯೂಸ್ಡ್ ಟು’ಗೂ ಇದೇ ಪರೀಕ್ಷೆ: ‘ಐ ಆ್ಯಮ್ ಯೂಸ್ಡ್ ಟು ವೇಕಿಂಗ್ ಅರ್ಲಿ’ ಅಂದರೆ ಬೇಗ ಏಳುವುದು ಅಭ್ಯಾಸವಾಗಿದೆ ಅಂತ, ‘ಐ ಯೂಸ್ಡ್ ಟು ವೇಕ್ ಅರ್ಲಿ’ ಅಂದರೆ ಹಿಂದೆ ಏಳುತ್ತಿದ್ದೆ, ಈಗಿಲ್ಲ ಅಂತ. ಕೋಪ್‌ಗೆ ‘ವಿತ್’ ಮಾತ್ರ. ‘ಕೀಪ್ ಅಪ್ ವಿತ್’ ಅಂತ ಒಂದಿದೆ, ಅದರ ‘ಅಪ್’ ಇಲ್ಲಿಗೆ ಜಿಗಿದಿರಬೇಕು.

ಪ್ರಶ್ನೆ: ‘ಹೂ ಆರ್ ಯು ವೇಟಿಂಗ್ ಫಾರ್?’ ಅಂತ ಬರೆದದ್ದಕ್ಕೆ ಟ್ಯೂಷನ್ ಮೇಷ್ಟ್ರು ಕೆಂಪು ಗೆರೆ ಎಳೆದರು. ವಾಕ್ಯದ ಕೊನೆಯಲ್ಲಿ ‘ಫಾರ್’ ಬರಬಾರದಂತೆ.
(ವಿರಾಜಪೇಟೆ)

ಉತ್ತರ: ಜಾನ್ ಡ್ರೈಡನ್ ಅನ್ನುವ ಇಂಗ್ಲಿಷ್ ಕವಿ 1672ರಲ್ಲಿ, ಅಷ್ಟರಲ್ಲಾಗಲೇ ತೀರಿಹೋಗಿದ್ದ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದದ್ದು ತಪ್ಪು ಅಂತ ಆಕ್ಷೇಪ ಎತ್ತಿದ. ಇಂಗ್ಲಿಷ್ ಆಡುವ ಜನ ಅದಕ್ಕೆ ಮುಂಚೆಯೂ ಹಾಗೇ ಆಡುತ್ತಿದ್ದರು, ಆಮೇಲೂ ಹಾಗೇ ಆಡಿದರು. ನಿನ್ನ ವಾಕ್ಯ ಸರಿ ಇದೆ. ಮೇಷ್ಟ್ರಿಗೆ ಈ ಪುಟ ತೋರಿಸಬೇಡ, ಜಗಳ ನನಗೆ ಬರುತ್ತದೆ.

ಪ್ರಶ್ನೆ: ಯಾವ ಕ್ರಿಯಾಪದಕ್ಕೆ ಯಾವುದು ಅಂತ ಪಟ್ಟಿ ಇರುವ ಗೈಡ್ ಯಾವುದಾದರೂ ಹೇಳಿ.
(ಶನಿವಾರಸಂತೆ)

ಉತ್ತರ: ಗೈಡ್ ಬೇಡ. ಪಟ್ಟಿ ಬಾಯಿಪಾಠ ಮಾಡಿದವರು ಪರೀಕ್ಷೆಯ ಮಾರನೇ ದಿನ ಮರೆಯುತ್ತಾರೆ. ಕಲಿಯುವವರಿಗೆಂದೇ ಮಾಡಿದ ನಿಘಂಟು ತೆಗೆದುಕೊಳ್ಳಿ. ಎ.ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿಯ ಮಕ್ಕಳಿಗೂ ನಮ್ಮ ಹಾಗೇ ಇದೇ ಗೋಳು. ಪದದ ಅರ್ಥ ಗೊತ್ತು, ಅದರ ಪಕ್ಕ ಏನು ಬರುತ್ತದೆ ಗೊತ್ತಿಲ್ಲ. ಪ್ರತಿ ಕ್ರಿಯಾಪದಕ್ಕೂ ಅದು ವಾಕ್ಯದಲ್ಲಿ ಕೂರುವ ಮಾದರಿಯನ್ನು ಕೊಡುವ ನಿಘಂಟೊಂದನ್ನು ಅವರು ಇಬ್ಬರು ಜೊತೆಗಾರರೊಂದಿಗೆ ಮಾಡಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡಿನವರು ತಂದರು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅದರದ್ದೇ ಮುಂದುವರಿಕೆ. 1987ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ಇನ್ನೊಂದು. ಅದು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ಹಾಗಾಗಿ ಪಕ್ಕದ ಪದ ತಾನಾಗಿ ಕಣ್ಣಿಗೆ ಬೀಳುತ್ತದೆ. ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ‘ಡಿಪೆಂಡ್’ ಅಂತ ಬರೆಯಬೇಡಿ, ‘ಡಿಪೆಂಡ್ ಆನ್ ದಿ ರೇನ್’ ಅಂತ ಬರೆದುಕೊಳ್ಳಿ.

ಪ್ರಶ್ನೆ: ಮಳೆಗೆ ‘ಸೆಟ್ ಇನ್’ ಅಂತ ಪೇಪರಿನಲ್ಲಿ ಬರುತ್ತದೆ. ‘ಸ್ಟಾರ್ಟೆಡ್’ ಅಂದರೆ ಸಾಲದಾ?
(ಭಾಗಮಂಡಲ)

ಉತ್ತರ: ಸ್ಟಾರ್ಟ್ ಆದ ಮಳೆ ಹತ್ತು ನಿಮಿಷಕ್ಕೆ ನಿಲ್ಲಬಹುದು. ‘ಸೆಟ್ ಇನ್’ ಆದದ್ದು ಬೇರೂರಿತು ಅಂತ, ಬೇಗ ಬಿಡುವುದಿಲ್ಲ. ಚಳಿಗೆ, ಕೊಳೆರೋಗಕ್ಕೆ, ಬೇಸರಕ್ಕೂ ಇದೇ ಮಾತು. ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲಿ ಕೂತು ಇದನ್ನು ನನ್ನ ಹತ್ತಿರ ಕೇಳುತ್ತೀರಲ್ಲ, ಕಿಟಕಿ ತೆಗೆದು ನೋಡಿ!